ಅವ್ವನ ಗುಂಡಗಡಗಿಗೆ ಬೆಳ್ಳಿ ನೀರು

ನಮ್ಮ ಬಾಲ್ಕನಿಯಲ್ಲಿ ಕರಿಬೇವಿನ ಕುಂಡದ ಹಿಂದೆ ಒಂದು ಪುಟ್ಟ ಪ್ಲಾಸ್ಟಿಕ್ ಕ್ಯಾನು ಇದೆ. ಅದರ ಮೇಲೆ ನಾಲ್ಕು ಭಾಷೆಗಳಲ್ಲಿ ಒಂದೇ ಮಾತು ಬರೆದಿದ್ದೇನೆ: ಕುಡಿಯಬೇಡಿ. ಕನ್ನಡ ನನ್ನ ಅವ್ವನಿಗಾಗಿ, ಮರಾಠಿ ಮನೆಗೆಲಸಕ್ಕೆ ಬರುವ ಬಾಯಿಗಾಗಿ, ಹಿಂದಿ ಆಗಾಗ ಬಂದು ಹೋಗುವ ಪ್ಲಂಬರನಿಗಾಗಿ, ಇಂಗ್ಲಿಷು ಮಗಳು ಮೇಘಾಳಿಗಾಗಿ. ಜೀವನಪೂರ್ತಿ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬಂದವನು ನಾನು. ಓದುಗರಲ್ಲಿ ಯಾರೊಬ್ಬರಿಗೂ ತಪ್ಪು ತಿಳಿವಳಿಕೆ ಆಗಬಾರದು ಎಂಬ ಕಾಳಜಿ ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಅವ್ವ ಅದನ್ನು ಓದಿ, ಕನ್ನಡಕ ತೆಗೆದು, ‘ಇದನ್ನ ಯಾರರ ಯಾಕ ಕುಡೀತಾರೋ?’ ಎಂದು ಕೇಳಿದಳು. ಡೆಸ್ಕಿನಲ್ಲಿ ಇಂಥ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ.

ಕ್ಯಾನಿನಲ್ಲಿ ಇರುವುದು ಬಳಸಿ ಉಳಿದ ಬೆಳ್ಳಿ ನೀರು; ಕೊಟ್ಟವನಿಗೆ ಹಿಂತಿರುಗಿಸುವುದು ಇನ್ನೂ ಆಗಿಲ್ಲ. ಹಿತ್ತಾಳೆಯ ಸಾಮಾನಿಗೆ ಬೆಳ್ಳಿಯ ಮೆರುಗು ಕೊಡಿಸುವುದಕ್ಕೆ ನಮ್ಮ ಕಡೆ ‘ಬೆಳ್ಳಿ ನೀರು ಕುಡಿಸೂದು’ ಎನ್ನುತ್ತಾರೆ. ಈ ನೀರನ್ನು ಒಬ್ಬ ಗೃಹಸ್ಥ ಮನೆಯಲ್ಲಿ ಬಳಸುವುದಕ್ಕಾಗಿ ಮುಂಬೈಯಲ್ಲಿ ಸಂಪಾದಿಸುವುದು ಎಷ್ಟು ಕಷ್ಟ ಎಂಬುದು ಮೊನ್ನೆ ಕುಂಡಗಳನ್ನು ಸರಿಸಿ ನೆಲ ಒರೆಸುವಾಗ ಮತ್ತೆ ನೆನಪಾಯಿತು.

ಗುಂಡಗಡಗಿ ಎಂದರೆ ಏನೆಂದು ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಡೆಸ್ಕಿನಲ್ಲಿ ನನ್ನೆದುರು ಕೂರುತ್ತಿದ್ದ ಉಡುಪಿ ಕಡೆಯ ಗೆಳೆಯ, ಒಂದು ದಿನ ಸೆಕೆಗೆ ನಾನು ಅಂಗಿಯ ಗುಂಡಿ ಬಿಚ್ಚಿ ಕೂತಿದ್ದಾಗ, ‘ಅದೆಂತ ಮಾರಾಯ್ರೆ, ತಾಯಿತವಾ?’ ಎಂದು ಕೇಳಿದ್ದ. ತಾಯಿತವಲ್ಲ. ಲಿಂಗ ಕಟ್ಟಿಕೊಂಡವರು ತಮ್ಮ ಇಷ್ಟಲಿಂಗವನ್ನು ಇಟ್ಟುಕೊಳ್ಳುವ ಮನೆ ಅದು. ಚಿಕ್ಕ ಮಾವಿನಕಾಯಿಯಷ್ಟು ದೊಡ್ಡದು, ಎರಡು ಹೋಳು ಕೂಡಿಸಿದಂತಿರುವ ಡಬ್ಬಿ. ಶಿವದಾರ ಎಂಬ ನೂಲಿನಲ್ಲಿ ಕೊರಳಿನಿಂದ ಎದೆಯ ಮೇಲೆ ತೂಗುತ್ತದೆ. ಸ್ನಾನ ಮಾಡಿ, ಲಿಂಗವನ್ನು ಹೊರತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ವಿಭೂತಿ ಹಚ್ಚಿ ಪೂಜೆ ಮಾಡಿ, ಮತ್ತೆ ಅದರ ಮನೆಯೊಳಗೆ ಇಟ್ಟುಬಿಡುವುದು. ಗುಡಿಗೆ ಹೋಗುವ ಅಗತ್ಯವಿಲ್ಲ. ದೇವರು ಜೊತೆಯಲ್ಲೇ ಲೋಕಲ್ ಹತ್ತುತ್ತಾನೆ, ಇಳಿಯುತ್ತಾನೆ.

ಅವ್ವ ವಿಜಯಪುರದ ಕಡೆಯಿಂದ ಮದುವೆಯಾಗಿ ಪರೇಲಿನ ಚಾಳಿಗೆ ಬಂದಾಗ ಅವಳ ಲಿಂಗ ಬಟ್ಟೆಯಲ್ಲಿ ಇತ್ತು. ಚಾಳಿನಲ್ಲಿ ನೀರು ಬರುವ ಹೊತ್ತಿಗೆ ನಳದ ಮುಂದೆ ನೂಕುನುಗ್ಗಲು. ಕೊಡ ತುಂಬಿಕೊಂಡು ಬರುವುದರೊಳಗೆ ಸೆರಗು, ಲಿಂಗದ ಬಟ್ಟೆ ಎಲ್ಲಾ ತೊಯ್ದು ಹೋಗುತ್ತಿತ್ತು. ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ ಒಂದು ದಿನ ಗುಂಡಗಡಗಿ ತಂದು ಕೊಟ್ಟ. ಪೂರ್ತಿ ಬೆಳ್ಳಿಯದಲ್ಲ, ಹಿತ್ತಾಳೆಗೆ ಬೆಳ್ಳಿ ನೀರು ಕುಡಿಸಿದ್ದು. ಅವನು ಹೇಳಿಯೇ ಕೊಟ್ಟನಂತೆ: ‘ಸದ್ಯಕ್ಕ ಇದು ಇರ್ಲಿ. ಮುಂದ ಬೆಳ್ಳೀದು ಮಾಡ್ಸೂಣು.’ ಆ ಮುಂದೆ ಎನ್ನುವುದು ಬರುವ ಮೊದಲೇ ಅಪ್ಪ ಹೋದ. ನಾನು ನಿವೃತ್ತನಾದಾಗ ಅವನ ಮಾತನ್ನು ನಾನೇ ನಡೆಸಿಬಿಡೋಣ ಎಂದು ಅಪ್ಪಟ ಬೆಳ್ಳಿಯ ಗುಂಡಗಡಗಿ ಮಾಡಿಸಿ ತಂದೆ. ಅವ್ವ ಕೈಯಲ್ಲಿ ಹಿಡಿದು, ಹೊರಳಿಸಿ ನೋಡಿ, ‘ಛಲೋ ಐತಿ’ ಎಂದಳು. ಇಳಕಲ್ ಸೀರೆಗಳ ನಡುವೆ ಇಟ್ಟು ಕಪಾಟಿನ ಬಾಗಿಲು ಹಾಕಿದಳು. ಮತ್ತೆ ತೆಗೆಯಲಿಲ್ಲ. ಕಾರಣ ಕೇಳಿದರೆ, ‘ಹಗುರ ಐತಿ. ಎದಿ ಮ್ಯಾಲ ಐತೋ ಇಲ್ಲೋ ಗೊತ್ತ ಆಗೂದಿಲ್ಲ’ ಎಂದಳು.

ಹೋದ ಬೇಸಗೆಯಲ್ಲಿ ಹಳೆಯ ಗುಂಡಗಡಗಿಯ ಬೆಳ್ಳಿ ಪೂರಾ ಸವೆದು ಹಿತ್ತಾಳೆ ಮುಖ ತೋರಿಸಿತು. ಮುಂಬೈಯ ಬೆವರು ನಿಮಗೆ ಗೊತ್ತೇ ಇದೆ. ಅವ್ವನ ಕುಪ್ಪಸದ ಮೇಲೆ ಹಸಿರು ಕಲೆ ಬೀಳತೊಡಗಿತು. ಆಮೇಲೆ ಎದೆಯ ಮೇಲೆ ಕೆಂಪು ಗಂಧೆಗಳೆದ್ದವು. ಪರೇಲಿನ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಎಳೆ ವಯಸ್ಸಿನ ಹುಡುಗಿ. ನೋಡಿ, ‘ಆಜಿ, ಯೇ ನಿಕಾಲ್‌ನಾ ಪಡೇಗಾ’, ಇದನ್ನು ತೆಗೆಯಲೇಬೇಕು, ಎಂದಳು.

ಅವ್ವ ಡಾಕ್ಟರ ಕೊರಳಿನ ಸ್ಟೆತಾಸ್ಕೋಪು ತೋರಿಸಿ, ನನ್ನ ಕಡೆ ತಿರುಗಿ, ‘ಈಕಿಗೆ ಹೇಳು. ನಿನ್ನ ಕೊರಳಾಗಿನ ನಳಗಿ ನೀ ತಗದಿಡ್ತೀಯೇನು ಕೇಳು. ಆಕೀದು ಆಕಿಗೆ ಹೆಂಗೋ ನಂದು ನನಗ ಹಂಗ’ ಎಂದಳು.

ನಾನು ಡಾಕ್ಟರಿಗೆ, ‘ಸ್ವಲ್ಪ ಕಷ್ಟ ಅಂತಿದ್ದಾರೆ’ ಎಂದು ಹಿಂದಿಯಲ್ಲಿ ಹೇಳಿದೆ. ದೊಡ್ಡ ಹೇಳಿಕೆಯನ್ನು ಒಂದು ಸಾಲಿಗೆ ಇಳಿಸುವುದು ನನ್ನ ವೃತ್ತಿ. ಆದರೆ ಡಾಕ್ಟರ್ ಜಗ್ಗಲಿಲ್ಲ. ಹಿತ್ತಾಳೆ ಮೈಗೆ ತಾಗುವ ತನಕ ಮುಲಾಮು ಹಚ್ಚಿ ಉಪಯೋಗವಿಲ್ಲ ಎಂದಳು.

ಹೀಗೆ ಲಿಂಗ ಮತ್ತೆ ಬಟ್ಟೆಗೆ ಬಂತು. ಅವ್ವ ಅದನ್ನು ಕೊರಳಿಗೆ ಕಟ್ಟಿಕೊಂಡು, ‘ನನ್ನ ಲಿಂಗಪ್ಪನ್ನ ಟ್ರಾನ್ಸಿಟ್ ಕ್ಯಾಂಪಿಗೆ ಹಾಕಿದಿರಿ’ ಎಂದಳು. ನಮ್ಮ ವಡಾಲದ ಕಾಲೊನಿಯಲ್ಲಿ ಪಕ್ಕದ ಬಿಲ್ಡಿಂಗು ಕೆಡವಿ ಕಟ್ಟುತ್ತಿದ್ದಾರೆ. ಅಲ್ಲಿನವರೆಲ್ಲ ಟ್ರಾನ್ಸಿಟ್ ಕ್ಯಾಂಪಿನಲ್ಲಿ ಎರಡು ಕೋಣೆಯ ಬಾಳು ಬಾಳುತ್ತಿದ್ದಾರೆ. ಬೇಗ ಮನೆ ಸಿಗುತ್ತದೆಂದು ಹೋದವರು ಇನ್ನೂ ಅಲ್ಲೇ ಇದ್ದಾರೆ ಎಂಬುದು ಅವ್ವನಿಗೆ ಚೆನ್ನಾಗಿ ಗೊತ್ತು.

ನಗೆಯ ಮಾತೇನೋ ಹೌದು. ಆದರೆ ಅವ್ವ ಅಂದಿನಿಂದ ಕೆಳಗೆ ಇಳಿಯುವುದನ್ನೇ ಬಿಟ್ಟಳು. ಸಂಜೆ, ಭಾನುವಾರವಾದರೆ ಬೆಳಗ್ಗೆಯೂ, ಕಂಪೌಂಡಿನ ಸಿಮೆಂಟು ಬೆಂಚಿನ ಮೇಲೆ ನಾಲ್ಕಾರು ಹಿರಿಯರ ಜೊತೆ ಕೂತು, ಮೂರು ಭಾಷೆಗಳಲ್ಲಿ ಇಡೀ ಕಾಲೊನಿಯ ಸೊಸೆಯಂದಿರ ವಿಚಾರಣೆ ನಡೆಸುತ್ತಿದ್ದವಳು. ಈಗ ಬಟ್ಟೆಯ ಗಂಟು ಸಡಿಲಾಗಿ ಲಿಂಗ ಎಲ್ಲಾದರೂ ಬಿದ್ದರೆ ಎಂಬ ಭಯ. ಕೂತಲ್ಲಿ, ನಿಂತಲ್ಲಿ ಕೈ ಎದೆಯ ಮೇಲೆಯೇ. ಬೆಂಚಿನ ಗೆಳತಿಯರು ಕೆಳಗಿನಿಂದ ಕೂಗಿದರೆ ಕಿಟಕಿಯಿಂದಲೇ, ‘ಬರ್ತೀನಿ, ಬರ್ತೀನಿ’ ಎನ್ನುವಳು. ಹೋಗುತ್ತಿರಲಿಲ್ಲ. ಊಟ ಕಡಿಮೆಯಾಯಿತು. ಬೈಯುವುದೂ ಕಡಿಮೆಯಾಯಿತು. ಎರಡನೆಯದೇ ನಮಗೆ ಹೆಚ್ಚು ಚಿಂತೆ ತಂದದ್ದು.

ಇದಕ್ಕೆ ಕುರ್ಲಾದ ಪ್ಲೇಟಿಂಗ್ ಅಂಗಡಿಯಲ್ಲಿ ಕೊಟ್ಟು ಬೆಳ್ಳಿ ನೀರು ಹಾಕಿಸಿಕೊಂಡು ಬಂದರೆ ಮುಗಿಯಿತಲ್ಲ ಎನ್ನಬಹುದು. ನಾನೂ ಹಾಗೇ ಅಂದೆ. ಅವ್ವ ಕೇಳಿದಳು, ‘ಅಲ್ಲಿ ಮತ್ತೇನೇನ ಅದ್ದತಾರ?’

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. ‘ನಳದ ತೋಟಿ, ಬಾಗಿಲ ಚಿಲಕ, ಬಾತ್‌ರೂಮಿನ ಸಾಮಾನು…’ ಎಂದು ವರದಿ ಒಪ್ಪಿಸಿದೆ.

‘ಸಂಡಾಸದ ಚಿಲಕ ಮುಳುಗಿಸಿದ ನೀರಾಗ ಲಿಂಗಪ್ಪನ ಮನಿ ಮುಳುಗಸ್ತೀಯಾ? ಆಗೂದಿಲ್ಲ. ಮನ್ಯಾಗ ಆಗ್ಬೇಕು, ಜಳಕಾ ಮಾಡಿ ಆಗ್ಬೇಕು, ಹೊಸಾ ನೀರಾಗ ಆಗ್ಬೇಕು. ಇಲ್ಲಾಂದ್ರ ಬಟ್ಟ್ಯಾಗ ಇರ್ಲಿ.’

ಈ ಮೂರು ಷರತ್ತುಗಳ ಮೇಲೆ ನನ್ನ ತಿರುಗಾಟ ಶುರುವಾಯಿತು.

ಮೊದಲು ಮೇಘಾ ಮೊಬೈಲಿನಲ್ಲಿ ಹುಡುಕಿದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಂದ ಬರುವಾಗ ಮಾತ್ರ ಬೋಗಿಗಳು ಅದಲುಬದಲಾಗುತ್ತವೆ. ‘ಪಪ್ಪಾ, ಕಿಟ್ ಸಿಗ್ತದ, ಬಟ್ ಫಾರಿನ್‌ದು. ಲಿಕ್ವಿಡ್ ಇಂಡಿಯಾಕ್ಕ ಭೇಜ್‌ತೇ ನಹೀಂ’ ಎಂದಳು. ಹೊರದೇಶದವರು ಕಳಿಸುವುದಿಲ್ಲವಾದ್ದರಿಂದ ನಾನು ಕೈಚೀಲ ಹಿಡಿದು ಪ್ರಿನ್ಸೆಸ್ ಸ್ಟ್ರೀಟಿಗೆ ಹೋದೆ. ಅಲ್ಲಿ ರಾಸಾಯನಿಕಗಳ ಅಂಗಡಿಗಳು ಸಾಲಾಗಿವೆ. ಒಂದು ಅಂಗಡಿಯಲ್ಲಿ ಗುಜರಾತಿ ಸೇಠು ಗಲ್ಲೆಯ ಹಿಂದೆ ಕೂತು ಚಹಾ ಕುಡಿಯುತ್ತಿದ್ದ.

‘ಸಿಲ್ವರ್ ಪ್ಲೇಟಿಂಗ್ ಸೊಲ್ಯೂಷನ್? ಕೌನ್ಸೀ ಫ್ಯಾಕ್ಟರಿ?’

‘ಫ್ಯಾಕ್ಟರಿ ನಹೀಂ. ಘರ್ ಕೇ ಲಿಯೇ.’

ಸೇಠು ಚಹಾದ ಲೋಟ ಕೆಳಗಿಟ್ಟ. ‘ಅಂಕಲ್, ಉಸ್ ಮೇಂ ಸೈನೈಡ್ ಹೋತಾ ಹೈ. ಘರ್ ಮೇಂ ಕಿಸ್ ಸೇ ಝಗಡಾ ಹೈ ಆಪ್ ಕಾ?’

ಮನೆಯಲ್ಲಿ ಯಾರ ಜೊತೆ ಜಗಳ ಎಂಬ ಪ್ರಶ್ನೆಗೆ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಎಷ್ಟೋ ಸಾವಿನ ಸುದ್ದಿಗಳಿಗೆ ಶೀರ್ಷಿಕೆ ಕೊಟ್ಟವನಿಗೆ, ಈ ಸುದ್ದಿಯ ಶೀರ್ಷಿಕೆಯೂ ಕಣ್ಣೆದುರು ಬಂದು ನಿಂತಿತು. ಸೇಠು ಒಳ್ಳೆಯವನು. ಕೊಡಲಿಲ್ಲ, ಆದರೆ ಬೈದೂ ಕಳಿಸಲಿಲ್ಲ. ವಿಷವಿಲ್ಲದ ಬೇರೆ ಬಗೆಯ ದ್ರಾವಣವೂ ಬರುತ್ತದೆ, ಅದು ತನ್ನ ಬಳಿ ಇಲ್ಲ, ಪ್ಲೇಟಿಂಗ್ ಮಾಡುವವರನ್ನೇ ಕೇಳಿ ಎಂದ. ಅರ್ಧ ಲೋಟ ಚಹಾ ನನಗೂ ತರಿಸಿದ.

ಆ ಬೀದಿಯ ಗಾಳಿಯಲ್ಲೊಂದು ಘಾಟು ಇತ್ತು. ಮೂಗಿಗೆ ಬಡಿದ ಕೂಡಲೇ ನಾನು ಪರೇಲಿನ ಚಾಳಿನ ಅಂಗಳಕ್ಕೆ ಹೋಗಿಬಿಟ್ಟೆ. ದೀಪಾವಳಿಗೆ ಮುಂಚೆ ಅಲ್ಲಿಗೆ ಕಲಾಯಿವಾಲಾ ಬರುತ್ತಿದ್ದ. ನೆಲದಲ್ಲಿ ಸಣ್ಣ ಕುಳಿ ತೋಡಿ, ತಿದಿ ಹೂತು, ಇದ್ದಿಲು ಉರಿಸಿ ಕೂರುವನು. ಪ್ರತಿ ಖೋಲಿಯಿಂದ ಹಿತ್ತಾಳೆಯ ಪಾತ್ರೆಗಳು ಹೊರಬೀಳುತ್ತಿದ್ದವು. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿದರೆ ಬಿಳಿಯ ಹೊಗೆ ಭುಗ್ಗೆಂದು ಏಳುತ್ತಿತ್ತು. ನಾವು ಹುಡುಗರು ಕೆಮ್ಮುತ್ತಾ ಅದರೊಳಗೇ ನುಗ್ಗಿ ನಿಲ್ಲುತ್ತಿದ್ದೆವು. ತವರದ ತುಣುಕನ್ನು ಮುಟ್ಟಿಸಿ, ಅರಳೆಯಿಂದ ಒಮ್ಮೆ ತಿರುವಿದರೆ ಸಾಕು, ಪಾತ್ರೆಯ ಒಳಗೆ ಬೆಳುದಿಂಗಳು. ಅವ್ವ ಪಾತ್ರೆಯನ್ನು ಬಗ್ಗಿ ನೋಡಿ, ಅದರೊಳಗೆ ತನ್ನ ಮುಖ ಕಂಡರೆ ಮಾತ್ರ ಒಪ್ಪುತ್ತಿದ್ದಳು. ಕಾಣದಿದ್ದರೆ, ‘ಮತ್ತ ಹಾಕು ಭಾವು, ಇದರಾಗ ನಾ ಇಲ್ಲ’ ಎಂದು ಕನ್ನಡ ಮರಾಠಿ ಬೆರೆಸಿ ಹೇಳುವಳು. ಕಲಾಯಿವಾಲಾ ಮತ್ತೆ ಹಾಕುತ್ತಿದ್ದ. ಅವನಿಗೆ ಅವ್ವನ ಭಾಷೆ ಎಷ್ಟು ತಿಳಿಯುತ್ತಿತ್ತೋ ಗೊತ್ತಿಲ್ಲ, ಅವಳ ಮುಖ ಮಾತ್ರ ತಿಳಿಯುತ್ತಿತ್ತು.

ಇಂಥ ನೆನಪುಗಳಿಂದ ಬೆಳ್ಳಿ ನೀರು ಸಿಗುವುದಿಲ್ಲ. ಮರುದಿನ ಕುರ್ಲಾಕ್ಕೆ ಹೋದೆ. ಸ್ಟೇಷನ್ನಿನ ಆಚೆ, ಗಾಡಿಗಳ ಸದ್ದಿಗೂ ಗ್ರೈಂಡರುಗಳ ಸದ್ದಿಗೂ ವ್ಯತ್ಯಾಸ ತಿಳಿಯದ ಗಲ್ಲಿಯಲ್ಲಿ, ಕೇಳುತ್ತಾ ಕೇಳುತ್ತಾ ಒಂದು ಪ್ಲೇಟಿಂಗ್ ಅಂಗಡಿಗೆ ಮುಟ್ಟಿದೆ. ಬಾಗಿಲಲ್ಲಿ ನಿಂತಿದ್ದ ಮಾಲಕ ಫೋನಿನಲ್ಲಿ ಯಾರಿಗೋ ನಮ್ಮ ಕಡೆಯ ಭಾಷೆಯಲ್ಲಿ ಬೈಯುತ್ತಿದ್ದ. ಪರ ಊರಿನಲ್ಲಿ ಬೈಗುಳವೂ ಎಷ್ಟು ಇಂಪು! ಹೆಸರು ಗುರುಸಿದ್ದಪ್ಪ, ಇಂಡಿ ಕಡೆಯವನು. ದೊಡ್ಡ ಹೊಟ್ಟೆ, ದೊಡ್ಡ ದನಿ, ಎರಡು ಫೋನು.

ನಾನು ಅವ್ವನ ಷರತ್ತುಗಳನ್ನು ಹೇಳಿದೆ. ಅವನು ತನ್ನ ತೊಟ್ಟಿಗಳ ಕಡೆ ನೋಡಿದ. ಒಂದರಲ್ಲಿ ನಳದ ತೋಟಿಗಳ ಗೊಂಚಲು ತೂಗುತ್ತಿತ್ತು.

‘ಅಮ್ಮಾರು ಹೇಳೂದು ಖರೇ ಐತ್ರಿ ಸರ್. ನಾನೂ ಲಿಂಗ ಕಟ್ಟಿದಾಂವ. ಅಂಗಡಿ ನಂದ ಆದ್ರೂ ನಂದನ್ನ ಇದರಾಗ ಅದ್ದಿಲ್ಲ ನೋಡ್ರಿ’ ಎಂದು ಅಂಗಿಯೊಳಗಿನಿಂದ ತನ್ನ ಗುಂಡಗಡಗಿ ತೆಗೆದು ತೋರಿಸಿದ. ನನ್ನ ಅವ್ವನದಕ್ಕಿಂತ ಹೆಚ್ಚು ಹಳದಿಯಾಗಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅವನ ಬಳಿ ಸೈನೈಡ್ ಇಲ್ಲದ ಬೆಳ್ಳಿ ದ್ರಾವಣದ ಸೀಲು ಒಡೆಯದ ಕ್ಯಾನು ಇತ್ತು. ಕೊಡಲು ಮೊದಲು ಒಪ್ಪಲಿಲ್ಲ. ‘ನೀವು ಪೇಪರದಾಗ ಕೆಲಸ ಮಾಡಿದಾವ್ರು. ಏನರ ಆದ್ರ ನಾಳೆ ನನ್ನ ಹೆಸರ ಬರೀತೀರಿ’ ಎಂದ. ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. (ಈಗ ಬರೆಯುತ್ತಿದ್ದೇನೆ. ಗುರುಸಿದ್ದಪ್ಪ ಎಂಬುದು ಅವನ ಹೆಸರಲ್ಲ.) ಕೈಗವಸು ಹಾಕಬೇಕು, ಕಿಟಕಿ ತೆರೆದಿರಬೇಕು, ಅಡುಗೆಯ ಪಾತ್ರೆ ಮುಟ್ಟಬಾರದು, ಉಳಿದ ನೀರನ್ನು ಮೋರಿಗೆ ಸುರಿಯದೆ ತನಗೇ ತಂದುಕೊಡಬೇಕು ಎಂದು ಬೆರಳು ಮಡಚಿ ಹೇಳಿದ. ಕೊನೆಗೆ, ‘ಎಲ್ಲಾಕಿಂತ ದೊಡ್ಡ ಮಾತು, ತೊಳದ ಮ್ಯಾಲ ಕೈ ಮುಟ್ಟಿಸಬ್ಯಾಡ್ರಿ. ಒಂಚೂರ ಎಣ್ಣಿ ಹತ್ತಿದ್ರೂ ಅಲ್ಲಿ ಬೆಳ್ಳಿ ಕೂಡೂದಿಲ್ಲ’ ಎಂದ. ಬ್ಯಾಟರಿಯ ಒಂದು ತಂತಿಗೆ ಹಳೆಯ ಗುಂಡಗಡಗಿ ಕಟ್ಟಬೇಕು, ಇನ್ನೊಂದು ತಂತಿಗೆ ಕಟ್ಟಲು ಒಂದು ಬೆಳ್ಳಿಯ ತುಂಡು ಬೇಕು, ಅದು ಸವೆಯುತ್ತಾ ಇದಕ್ಕೆ ಏರುತ್ತದೆ ಎಂದೂ ತಿಳಿಸಿದ.

ಹಾರ್ಬರ್ ಲೈನಿನಲ್ಲಿ ಕ್ಯಾನನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೂತೆ. ಪಕ್ಕದವನು ನನ್ನ ಎಚ್ಚರಿಕೆಯನ್ನು ಗಮನಿಸಿ, ‘ಗಂಗಾಜಲ್ ಹೈ ಕ್ಯಾ?’ ಎಂದ. ‘ಲಗ್‌ಭಗ್’, ಹೆಚ್ಚುಕಡಿಮೆ ಅದೇ, ಎಂದೆ. ಅವನು ಕ್ಯಾನಿಗೆ ಕೈ ಮುಗಿದ. ವಡಾಲ ಬರುವ ತನಕ ನಾನು ಅವನ ಕಡೆ ನೋಡಲಿಲ್ಲ.

ಮನೆಯಲ್ಲಿ ಬೆಳ್ಳಿ ತುಂಡಿನ ಮಾತು ಬಂತು. ಅವ್ವನ ಹಳೆಯ ಕಾಲುಂಗುರಗಳಿವೆಯಲ್ಲ ಎಂದೆ. ಬಹಳ ದಿನಗಳ ನಂತರ ಅವ್ವ ಬೈದಳು.

‘ಕಾಲಾಗಿನ ಬೆಳ್ಳಿ ಲಿಂಗಪ್ಪನ ಮನಿಗೆ ಹಚ್ಚತೀಯಾ? ಇಷ್ಟು ಓದಿ ಏನ ಮಾಡಿದ್ಯೋ ನೀ?’

ಬೈದು, ಎದ್ದು, ಕಪಾಟು ತೆಗೆದು, ಇಳಕಲ್ ಸೀರೆಗಳ ನಡುವಿನಿಂದ ನಾನು ಕೊಟ್ಟ ಹೊಸ ಗುಂಡಗಡಗಿಯನ್ನು ತಂದು ಮೇಜಿನ ಮೇಲಿಟ್ಟಳು. ‘ಇದನ್ನ ಕಟ್ಟು.’

‘ಅವ್ವಾ, ಇದು ಸವೀತದ. ಮಂಕಾಗ್ತದ.’

‘ಸವೀಲಿ. ನಿಮ್ಮಪ್ಪಂದು ಹಗುರಲ್ಲ, ಆದ್ರ ಬೆಳ್ಳಿ ಇಲ್ಲ. ನಿಂದು ಬೆಳ್ಳಿ, ಆದ್ರ ಹಗುರ. ಎರಡೂ ಕೂಡ್ಲಿ.’

ಮೇಘಾ ನನ್ನ ಮುಖ ನೋಡಿದಳು. ನಾನು ಕಿಟಕಿಯಾಚೆ ಹೋಗುತ್ತಿದ್ದ ಲೋಕಲನ್ನು ನೋಡಿದೆ. ಅದರಲ್ಲಿ ಆ ಹೊತ್ತು ನೋಡುವಂಥದ್ದು ಏನೂ ಇರಲಿಲ್ಲ.

ಭಾನುವಾರ ಬೆಳಗ್ಗೆ ಎಲ್ಲರೂ ಸ್ನಾನ ಮುಗಿಸಿದೆವು. ನನ್ನ ಹೆಂಡತಿ ಸುನಂದಾ, ‘ನನ್ನ ಅಡಗಿ ಮನಿ ಕಡೆ ಬರಬ್ಯಾಡ್ರಿ’ ಎಂದು ಗಡಿ ಹಾಕಿದ್ದಳು. ಅದಕ್ಕೆ ಬಾಲ್ಕನಿಯಲ್ಲಿ ಗಾಜಿನ ಜಾಡಿ ಇಟ್ಟೆವು. ನಾನು ಹುಣಸೆ, ಬೂದಿ, ಸೋಪು ಎಂದು ಗುಂಡಗಡಗಿಯನ್ನು ತಿಕ್ಕಿ ತೊಳೆದೆ. ತಂತಿಗೆ ಕಟ್ಟಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ಚಿಮುಟಿಯಿಂದ ನೇತುಹಾಕಿ, ‘ಇನ್ನು ಯಾರೂ ಮುಟ್ಟಬಾರದು’ ಎಂದು ಗಂಭೀರವಾಗಿ ಪ್ರಕಟಿಸಿದೆ. ಮೇಘಾ ಬ್ಯಾಟರಿ ಹಿಡಿದಿದ್ದಳು. ಕೆಂಪು ತಂತಿ ಯಾವುದಕ್ಕೆ, ಕಪ್ಪು ಯಾವುದಕ್ಕೆ ಎಂದು ನಮ್ಮಿಬ್ಬರಲ್ಲಿ ವಾದವಾಯಿತು. ಒಳಗೆ ಹೋಗಿ ಗುರುಸಿದ್ದಪ್ಪನಿಗೆ ಫೋನು ಮಾಡಿದೆವು. ಕಪ್ಪು ಹಳೆಯದಕ್ಕೆ, ಕೆಂಪು ಹೊಸದಕ್ಕೆ ಎಂದ. ತಿರುಗಿ ಬಂದು, ಎರಡನ್ನೂ ಎದುರುಬದುರು ಜಾಡಿಗೆ ಇಳಿಸಿದೆವು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಳದಿಯ ಮೇಲೆ ಹಾಲಿನ ಕೆನೆಯಂಥದ್ದು ಮೂಡಿತು. ಅಪ್ಪನದು ಬಿಳುಪಾಗುತ್ತಾ ಹೋಯಿತು, ನನ್ನದು ಮಂಕಾಗುತ್ತಾ ಹೋಯಿತು. ‘ಅಜ್ಜಿ, ದೇಖ್, ಆಗಾಕತ್ತೇತಿ!’ ಎಂದು ಮೇಘಾ ಕುಣಿದಳು. ಅವಳ ಬಾಯಿಯಿಂದ ‘ಆಗಾಕತ್ತೇತಿ’ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ಹೊರತೆಗೆದು, ತೊಳೆದು, ಮೆತ್ತನೆಯ ಬಟ್ಟೆಯಿಂದ ಒರೆಸಿದೆ. ಹಿಂದೆ, ಕೆಳಗೆ, ಪಕ್ಕದಲ್ಲಿ ಎಲ್ಲಾ ಬೆಳ್ಳಿ. ಮುಂಭಾಗಕ್ಕೆ ತಿರುಗಿಸಿದರೆ, ನಟ್ಟನಡುವೆ ಹಿತ್ತಾಳೆಯ ಮೂರು ಅಡ್ಡಗೆರೆಗಳು.

ಮೇಘಾ ವಿಡಿಯೋ ಕಾಲ್ ಮಾಡಿ ತೋರಿಸಿದಳು. ಗುರುಸಿದ್ದಪ್ಪ ಕಣ್ಣು ಕಿರಿದು ಮಾಡಿ, ‘ಯಾರ ಮುಟ್ಟಿದ್ರಿ ಸರ್? ಎಣ್ಣಿ ಬೆರಳ ಅವು’ ಎಂದ. ನಾವಿಬ್ಬರೂ ಅವ್ವನ ಕಡೆ ತಿರುಗಿದೆವು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ನುಣ್ಣಗೆ ಬಾಚಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು.

‘ವಿಭೂತಿ ಹಚ್ಚದ ಹೊಸಾ ಮನಿ ಪ್ರವೇಶ ಮಾಡ್ತಾರೇನೋ ಯಾರರ?’ ಎಂದಳು. ‘ನೀವು ಫೋನಿನ್ಯಾಗ ಇದ್ರಿ. ನಾ ಹಚ್ಚಿದೆ.’

ಫೋನಿನೊಳಗಿನಿಂದ ಗುರುಸಿದ್ದಪ್ಪನ ನಗೆ ಬಾಲ್ಕನಿ ತುಂಬಿತು. ‘ತಪ್ಪ ನಂದರಿ ಸರ್. ಕೈ ಮುಟ್ಟಿಸಬ್ಯಾಡ್ರಿ ಅಂದೆ, ವಿಭೂತಿ ಹಚ್ಚಬ್ಯಾಡ್ರಿ ಅನ್ನಲಿಲ್ಲ. ಚಿಂತಿ ಇಲ್ಲ, ಬೆಳ್ಳಿ ತೆಗೆದು ಮತ್ತ ಮಾಡೂಣು.’

ನಾನು ಸರಿ ಎನ್ನುವವನಿದ್ದೆ. ತಪ್ಪು ಕಂಡರೆ ತಿದ್ದದೆ ಕೈ ನಿಲ್ಲುವುದಿಲ್ಲ. ಅವ್ವ ಗುಂಡಗಡಗಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅವಳ ಕಣ್ಣು ಈಗೀಗ ಅಷ್ಟು ಚುರುಕಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರನ್ನೂ ಕೂಡಿಸಿ ಆ ಗೆರೆಗಳ ಮೇಲೆ ಇಟ್ಟಳು. ಸರಿಯಾಗಿ ಕೂತವು. ಕೂರದೆ ಏನು, ಅವಳವೇ ಬೆರಳು.

‘ಮೈಗೆ ತಾಗೂ ಕಡೆ ಪೂರಾ ಬೆಳ್ಳಿ ಐತಿಲ್ಲೋ?’ ಎಂದು ಕೇಳಿದಳು.

‘ಐತಿ.’

‘ಮತ್ತ ಆ ಡಾಕ್ಟರ್ ಹುಡಿಗಿ ಏನಂತಾಳ? ಮುಂದಿನ ಕಡೆ ಆಕೀದಲ್ಲ.’

ನನ್ನ ಬೆರಳುಗಳನ್ನು ಹಿಡಿದು ಗೆರೆಗಳ ಮೇಲಿಟ್ಟಳು. ನನ್ನವು ದಪ್ಪ, ಎರಡೇ ಹಿಡಿದವು. ‘ನಿಮ್ಮಪ್ಪನ ಕೈ ನಿಂದು’ ಎಂದಳು. ಮೇಘಾಳನ್ನು ಕರೆದಳು. ಮೇಘಾ ಕೈಗವಸು ಬಿಚ್ಚಿ, ಅಂಗಿಗೆ ಕೈ ಒರೆಸಿಕೊಂಡು, ಹೆದರುತ್ತಾ ಇಟ್ಟಳು. ಮೂರೂ ಅಚ್ಚುಕಟ್ಟಾಗಿ ಕೂತವು. ಅವಳು ಕೈ ತೆಗೆಯಲಿಲ್ಲ.

ಅವ್ವ ಬಟ್ಟೆಯ ಗಂಟು ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿ ತೆಗೆದುಕೊಂಡು, ಪೂಜೆ ಮುಗಿಸಿ, ಅದರ ಮನೆಯೊಳಗೆ ಇಟ್ಟು ಮುಚ್ಚಳ ಹಾಕಿದಳು. ಹೊಸ ಶಿವದಾರ ಪೋಣಿಸಿದಳು. ಶಿವದಾರದ ಗಂಟನ್ನು ಅವ್ವ ಯಾವಾಗಲೂ ತಾನೇ ಹಾಕಿಕೊಳ್ಳುವವಳು. ಅಪ್ಪನಿಗೂ ಬಿಟ್ಟಿರಲಿಲ್ಲ, ಸುನಂದಾಳಿಗೂ ಇಲ್ಲ, ನನ್ನ ಮಾತಂತೂ ದೂರ. ಆ ದಿನ ಮೊಮ್ಮಗಳ ಕಡೆ ಬೆನ್ನು ಮಾಡಿ ಕೂತಳು.

‘ಕಟ್ಟು. ಕೆಳಗ ಬೆಂಚು ತುಂಬತೈತಿ.’

‘ಅಜ್ಜಿ, ಮೈಂ? ಬಿಚ್ಚಿ ಹೋದ್ರ?’

‘ಹೋಗೂದಿಲ್ಲ. ಕಟ್ಟು.’

ಮೇಘಾ ತುಟಿ ಕಚ್ಚಿಕೊಂಡು ಒಂದು ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು. ಅವ್ವ ಮುಂದಿನಿಂದ ದಾರವನ್ನು ಒಮ್ಮೆ ಜಗ್ಗಿ ನೋಡಿದಳು. ಸೆರಗು ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ಎರಡೂ ಕೈ ಬೀಸುತ್ತಾ ಲಿಫ್ಟಿನ ಕಡೆ ನಡೆದಳು.